ಉತ್ತರ: ಸದ್ದಿಲ್ಲದ ಫ್ಯಾನ್ ಹಾಕಿದ ಮೇಲೆ ಸರ್ವರ್ ಕೂಗೋದು, ಸೆನ್ಸರ್‌ನಲ್ಲಿ ಮೈನಸ್ 128 ಡಿಗ್ರಿ

ಸರ್, ಹಳೆ ಸೂಪರ್‌ಮೈಕ್ರೊ ಸರ್ವರ್ ಬೋರ್ಡಿಗೆ ಡೆಬಿಯನ್ ಲಿನಕ್ಸ್ ಹಾಕಿ, ಫ್ಯಾನ್ ಬದಲಾಯಿಸಿದ್ದೀರಿ. ಈಗ ಫ್ಯಾನ್‌ಗಳು ಸ್ವಲ್ಪ ಹೊತ್ತಿಗೊಮ್ಮೆ ಜೋರಾಗಿ ಕೂಗಿ ಸುಮ್ಮನಾಗ್ತಿವೆ, ‘ಸೆನ್ಸರ್ಸ್’ ಕಮಾಂಡ್ ಒಂದು ಕಡೆ ಮೈನಸ್ 128 ಡಿಗ್ರಿ ತೋರಿಸ್ತಿದೆ ಅಂದಿದ್ದೀರಿ. ಎರಡೂ ಬೇರೆ ಬೇರೆ ವಿಷಯ. (ಕಮಾಂಡ್‌ಗಳನ್ನು ಇಲ್ಲಿ ಕನ್ನಡದಲ್ಲಿ ಬರೀತೀನಿ, ಹೊಡೆಯೋವಾಗ ಇಂಗ್ಲಿಷ್ ಅಕ್ಷರ.)

ಮೈನಸ್ 128ಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಸೆನ್ಸರ್ ಚಿಪ್‌ನಲ್ಲಿ ಆ ಪಿನ್‌ಗೆ ಏನೂ ಜೋಡಿಸಿಲ್ಲ, ಅಷ್ಟೇ. ಇಟಿಸಿ ಕೆಳಗಿನ ‘ಸೆನ್ಸರ್ಸ್.ಡಿ’ ಫೋಲ್ಡರಿನಲ್ಲಿ ಒಂದು ಫೈಲ್ ಮಾಡಿ, ಚಿಪ್ ಹೆಸರಿನ ಕೆಳಗೆ ‘ಇಗ್ನೋರ್ ಟೆಂಪ್6’ ಅಂತ ಆ ಸೆನ್ಸರ್ ನಂಬರ್ ಬರೆದರೆ ಸಾಲು ಮಾಯ. 12 ವೋಲ್ಟ್ ಲೈನ್ 1 ವೋಲ್ಟ್ ಚಿಲ್ಲರೆ ಕಂಡರೂ ಗಾಬರಿ ಬೇಡ. ಚಿಪ್‌ಗೆ ಅಷ್ಟು ವೋಲ್ಟೇಜ್ ತಡೆಯಲ್ಲ, ಬೋರ್ಡಿನಲ್ಲಿ ರೆಸಿಸ್ಟರ್ ಇಟ್ಟು ಇಳಿಸಿರ್ತಾರೆ, ಆ ಲೆಕ್ಕ ಎಲ್‌ಎಂ-ಸೆನ್ಸರ್ಸ್‌ಗೆ (‘ಸೆನ್ಸರ್ಸ್’ ಕಮಾಂಡ್ ಕೊಡೋ ಪ್ಯಾಕೇಜ್) ಗೊತ್ತಿಲ್ಲ. ಬೋರ್ಡಿನ ಲೆಕ್ಕ ಗೊತ್ತಿರೋದು ಬಿಎಂಸಿಗೆ, ಅಂದರೆ ಫ್ಯಾನ್, ಬಿಸಿ, ವೋಲ್ಟೇಜ್ ನೋಡಿಕೊಳ್ಳೋಕೆ ಬೋರ್ಡಿನಲ್ಲೇ ಇರೋ ಪ್ರತ್ಯೇಕ ಚಿಪ್‌ಗೆ. ಸರ್ವರ್ ಬೋರ್ಡಿನಲ್ಲಿ ಸಿಪಿಯು ಬಿಸಿ ಬಿಟ್ಟು ಉಳಿದದ್ದನ್ನೆಲ್ಲ ಅದರಿಂದಲೇ ಓದಿ.

ಕೂಗೋದಕ್ಕೂ ಕಾರಣ ಅದೇ ಬಿಎಂಸಿ. ಬಿಎಂಸಿ ಜೊತೆ ಮಾತಾಡೋ ‘ಐಪಿಎಂಐಟೂಲ್’ ಇನ್‌ಸ್ಟಾಲ್ ಮಾಡಿ, ‘ಐಪಿಎಂಐ_ಎಸ್‌ಐ’, ‘ಐಪಿಎಂಐ_ಡೆವ್‌ಇಂಟ್ಫ್’ ಎರಡೂ ಕರ್ನಲ್ ಮಾಡ್ಯೂಲ್ (ಡ್ರೈವರ್) ಲೋಡ್ ಮಾಡಿ, ‘ಐಪಿಎಂಐಟೂಲ್ ಸೆನ್ಸರ್’ ಹೊಡೆದು ನೋಡಿ. ಫ್ಯಾನ್ ಸಾಲಿನಲ್ಲಿ ಕೆಳಮಿತಿ ನಿಮಿಷಕ್ಕೆ 500 ಸುತ್ತು ಇದ್ದು, ನಿಮ್ಮ ಫ್ಯಾನ್ ನಿಧಾನವಾಗಿ ತಿರುಗುವಾಗ 420ಕ್ಕೆ ಇಳಿದರೆ, ಬಿಎಂಸಿ ‘ಫ್ಯಾನ್ ಸತ್ತಿತು’ ಅಂದುಕೊಂಡು ಎಲ್ಲ ಫ್ಯಾನ್‌ಗಳನ್ನೂ ಪೂರ್ತಿ ಓಡಿಸುತ್ತೆ. ವೇಗ ಏರಿತು, ಮಿತಿ ದಾಟಿತು, ಸರಿ ಹೋಯ್ತು ಅಂತ ಇಳಿಸುತ್ತೆ. ಮತ್ತೆ 420. ಹೀಗೇ ಸುತ್ತುತ್ತೆ. ಮಿತಿ ಇಳಿಸಿ:

ಐಪಿಎಂಐಟೂಲ್ ಸೆನ್ಸರ್ ಥ್ರೆಶ್ ಫ್ಯಾನ್1 ಲೋವರ್ 100 200 300

ಕಡೆಯ 300 ಮೊದಲ ಎಚ್ಚರಿಕೆ, 200 ಅಪಾಯ, 100 ಕಟ್ಟಕಡೆಯದು. ಕ್ರಮ ತಪ್ಪಿದರೆ ಮಿತಿಗಳು ತಲೆಕೆಳಗಾಗುತ್ತವೆ. ಮಿತಿ ಒಂದೇ ಬೈಟ್‌ನಲ್ಲಿ ಕೂರೋದರಿಂದ ಬಿಎಂಸಿ ಹತ್ತಿರದ ಸಂಖ್ಯೆಗೆ ಸರಿಸಿಕೊಳ್ಳಬಹುದು, ಅದು ದೋಷವಲ್ಲ. ದಯವಿಟ್ಟು ಸೊನ್ನೆ ಮಾತ್ರ ಹಾಕಬೇಡಿ, ಫ್ಯಾನ್ ನಿಜವಾಗಿ ನಿಂತಾಗಲೂ ಬೋರ್ಡ್ ಬಾಯಿ ಬಿಡಲ್ಲ. ಹೊಸ ಫ್ಯಾನ್‌ಗೆ ಗಾಳಿ ತಳ್ಳುವ ಬಲ ಕಮ್ಮಿ. ಹೀಟ್‌ಸಿಂಕಿನ ಮೇಲೆ ಸ್ವಂತ ಫ್ಯಾನ್ ಇಲ್ಲದಿದ್ದರೆ ಅರ್ಧ ಗಂಟೆ ಪೂರ್ತಿ ಲೋಡ್ ಕೊಟ್ಟು ಸಿಪಿಯು ಬಿಸಿ ನೋಡಲೇಬೇಕು. ರೇಡ್ ಕಾರ್ಡ್ (ಹಲವು ಡಿಸ್ಕ್‌ಗಳನ್ನು ಒಟ್ಟಿಗೆ ನಡೆಸೋ ಕಾರ್ಡ್) ಇದ್ದರೆ ಅದರ ಹೀಟ್‌ಸಿಂಕನ್ನೂ ಗಮನಿಸಿ, ಅದರ ಬಿಸಿ ಈ ಪಟ್ಟಿಯಲ್ಲಿ ಬರದೇ ಇರಬಹುದು.

ಇನ್ನು ಅಲಾರಂ. ಕ್ರಾನ್‌ನಲ್ಲಿ (ಹೇಳಿದ ಹೊತ್ತಿಗೆ ಕಮಾಂಡ್ ಓಡಿಸೋ ವ್ಯವಸ್ಥೆ) 5 ನಿಮಿಷಕ್ಕೊಮ್ಮೆ, ಸೆನ್ಸರ್ ಪಟ್ಟಿ ಕೊಡೋ ‘ಐಪಿಎಂಐಟೂಲ್ ಎಸ್‌ಡಿಆರ್’ ಓಡಿಸಿ, ಕೊನೆಯ ಕಾಲಂನಲ್ಲಿ ಎನ್‌ಸಿ, ಸಿಆರ್, ಎನ್‌ಆರ್ (ಮೇಲೆ ಹೇಳಿದ ಮೊದಲ ಎಚ್ಚರಿಕೆ, ಅಪಾಯ, ಕಟ್ಟಕಡೆಯದು) ಬಂದರೆ ಮೇಲ್ ಕಳಿಸಿ. ಎನ್‌ಎಸ್ ಅಂದರೆ ರೀಡಿಂಗ್ ಇಲ್ಲ ಅಂತ, ಖಾಲಿ ಫ್ಯಾನ್ ಜಾಗದಲ್ಲಿ ಅದು ಸಹಜ. ಬಹಳ ಜನ ಮೋಸ ಹೋಗೋದು ಪವರ್ ಸಪ್ಲೈ ಸಾಲಿನಲ್ಲಿ. ಒಂದು ಸಪ್ಲೈಗೆ ಕರೆಂಟ್ ಹೋದರೂ ಅಲ್ಲಿ ‘ಓಕೆ’ ಅಂತಲೇ ಇರಬಹುದು, ಯಾಕಂದರೆ ಅದು ಅಳತೆಯಲ್ಲ, ಸ್ಥಿತಿ ಹೇಳೋ ಬಿಟ್‌ಗಳು. ‘ಎಸ್‌ಡಿಆರ್ ಇಲಿಸ್ಟ್’ ಹೊಡೆದರೆ ‘ಪವರ್ ಸಪ್ಲೈ ಎಸಿ ಲಾಸ್ಟ್’ ಅಂತ ಬಿಡಿಸಿ ಹೇಳುತ್ತೆ, ಆ ಪದಗಳನ್ನು ಹುಡುಕೋ ಹಾಗೆ ಸ್ಕ್ರಿಪ್ಟ್ ಬರೆಯಿರಿ.

‘ವಿಬ್ಯಾಟ್’ (ಬೋರ್ಡಿನ ಚಿಕ್ಕ ಬ್ಯಾಟರಿ) ಸಾಲು 3 ವೋಲ್ಟ್ ಆಸುಪಾಸು ಇರಬೇಕು. 2.7ಕ್ಕೆ ಇಳಿದರೆ ಸಿಆರ್2032 ಸೆಲ್ ಬದಲಾಯಿಸಿ. ಬಿಎಂಸಿಯ ಘಟನೆಗಳ ಲಾಗ್ ತೋರಿಸೋ ‘ಎಸ್‌ಇಎಲ್ ಇಲಿಸ್ಟ್’ ತೆಗೆದು ಹಳೆ ದಾಖಲೆಯನ್ನು ಫೈಲಿಗೆ ಉಳಿಸಿಕೊಂಡು, ಆಮೇಲೆ ‘ಎಸ್‌ಇಎಲ್ ಕ್ಲಿಯರ್’ ಮಾಡಿ. ಫ್ಯಾನ್ ಕೂಗಿದ ಪ್ರತಿ ಸಲವೂ ಅಲ್ಲಿ ಎಂಟ್ರಿ ಬಿದ್ದಿರುತ್ತೆ, ತುಂಬಿದ ಲಾಗ್‌ನಲ್ಲಿ ಹೊಸದು ಕೂರದೇ ಹೋಗಬಹುದು. ಡಿಸ್ಕ್‌ಗಳು ಬಿಎಂಸಿ ಲೆಕ್ಕಕ್ಕೆ ಸಾಮಾನ್ಯವಾಗಿ ಬರಲ್ಲ, ಅವಕ್ಕೆ ಡಿಸ್ಕ್ ಆರೋಗ್ಯ ನೋಡೋ ‘ಸ್ಮಾರ್ಟ್‌ಡಿ’ ಹಾಕಿ. ಅದರ ಪಟ್ಟಿಯಲ್ಲಿ 5, 197, 198ನೇ ಅಂಶಗಳ (ಕೆಟ್ಟ ಸೆಕ್ಟರ್ ಲೆಕ್ಕ) ಎಣಿಕೆ ಏರಿದರೆ ಡಿಸ್ಕ್ ಅನುಮಾನ, 199 (ಡೇಟಾ ಸಾಗಣೆ ದೋಷದ ಲೆಕ್ಕ) ಏರಿದರೆ ಮೊದಲು ಕೇಬಲ್ ಬದಲಾಯಿಸಿ.

ಎಲ್ಲ ಆದ ಮೇಲೆ ಒಂದು ಪವರ್ ಸಪ್ಲೈನ ವೈರ್ ಕಿತ್ತು ನೋಡಿ. ಹತ್ತು ನಿಮಿಷದೊಳಗೆ ಮೇಲ್ ಬರದಿದ್ದರೆ ಸ್ಕ್ರಿಪ್ಟ್ ಇಲ್ಲೇ ಹಾಕಿ, ನೋಡೋಣ.