ಕ್ರೀಡಾಕೂಟ ಬಂದರೆ ನಗರದ ಜೇಬಿಗೆ ಬೀಳುವುದೆಷ್ಟು?

ಪ್ರಶ್ನೆ: ದೊಡ್ಡ ಕ್ರೀಡಾಕೂಟ ಮುಗಿದ ಮೇಲೆ ‘ನಗರಕ್ಕೆ ಇಷ್ಟು ಕೋಟಿ ಲಾಭ’ ಎಂದು ಸಂಘಟಕರು ಹೇಳುತ್ತಾರೆ. ನಂಬಬಹುದೇ?

ಉತ್ತರ: ಅವರು ಹೇಳುವುದು ಬಹುಪಾಲು ವಹಿವಾಟಿನ ಅಂಕಿ, ಲಾಭದ್ದಲ್ಲ. ಅದರಲ್ಲಿ ಮೊದಲು ಸ್ಥಳೀಯ ಪ್ರೇಕ್ಷಕರ ಖರ್ಚನ್ನು ಕಳೆಯಿರಿ. ಟಿಕೆಟ್ಟಿಗೆ ಕೊಟ್ಟ ಹಣವನ್ನು ಅವರು ಸಿನಿಮಾಕ್ಕೋ ಹೋಟೆಲಿಗೋ ಅದೇ ಊರಲ್ಲಿ ಕೊಡುತ್ತಿದ್ದರು. ಬೇರೆ ಕೆಲಸಕ್ಕೆ ಬಂದು ಪಂದ್ಯವನ್ನೂ ನೋಡಿ ಹೋದವರದ್ದನ್ನೂ ಬಿಡಿ. ಉಳಿದದ್ದರಲ್ಲಿ ಸೋರಿಕೆ ಇದೆ: ಹೊರಗಿನ ಒಡೆತನದ ಹೋಟೆಲ್ ಸರಣಿಯ ಲಾಭ, ಆನ್‌ಲೈನ್ ಬುಕಿಂಗ್ ಕಮಿಷನ್, ಹೊರಗಿಂದ ತರಿಸಿದ ಸರಕು. ಒಂದು ಕಾಲ್ಪನಿಕ ಲೆಕ್ಕ ನೋಡಿ. 10,000 ಪ್ರೇಕ್ಷಕರಲ್ಲಿ 6,000 ಸ್ಥಳೀಯರು, 1,000 ಹೇಗೂ ಬರುವವರಿದ್ದರು ಎನ್ನಿ. ಉಳಿದ 3,000 ಮಂದಿಯ ಖರ್ಚಿನಲ್ಲಿ ಶೇ 40ರಷ್ಟು ಸೋರಿದರೆ, ಊರಲ್ಲಿ ನಿಲ್ಲುವುದು 1,800 ಜನರ ಖರ್ಚಿನಷ್ಟು. ಹಣ ಕೈಯಿಂದ ಕೈಗೆ ಸುತ್ತಿ ಬೆಳೆಯುವ ‘ಗುಣಕ’ವನ್ನು ಇದಕ್ಕೆ ಹಚ್ಚಬೇಕು. ವರದಿಗಳು ಎಡವುವುದು ಇಲ್ಲೇ. ಪೂರಾ 10,000ಕ್ಕೆ ಹಚ್ಚಿಬಿಡುತ್ತವೆ.

ಗದ್ದಲಕ್ಕೆ ಹೆದರಿ ಬಾರದೆ ಉಳಿದವರ ಲೆಕ್ಕವನ್ನಂತೂ ಯಾರೂ ಇಡುವುದಿಲ್ಲ. ಲಂಡನ್ ಒಲಿಂಪಿಕ್ಸ್ ನಡೆದ 2012ರ ಆಗಸ್ಟ್‌ನಲ್ಲಿ ಬ್ರಿಟನ್ನಿಗೆ ಬಂದ ವಿದೇಶಿಯರು ಹಿಂದಿನ ವರ್ಷದ ಆಗಸ್ಟ್‌ಗಿಂತ ಕಡಿಮೆ. ಬಂದವರು ಮಾತ್ರ ಕೈಬಿಚ್ಚಿ ಖರ್ಚು ಮಾಡಿದರು.

ಪ್ರಶ್ನೆ: ಸಾವಿರಾರು ಉದ್ಯೋಗ ಸೃಷ್ಟಿಯಾಗುತ್ತದೆ ಎನ್ನುತ್ತಾರಲ್ಲ?

ಉತ್ತರ: ತಲೆ ಎಣಿಸಬೇಡಿ, ಕೆಲಸದ ದಿನ ಎಣಿಸಿ. 3,000 ಜನ 10 ದಿನ ದುಡಿದರೆ 30,000 ಮಾನವ ದಿನ. ವರ್ಷಕ್ಕೆ 250 ದಿನದಂತೆ ಭಾಗಿಸಿದರೆ 120 ಪೂರ್ಣಾವಧಿ ಉದ್ಯೋಗ. ಲಂಡನ್‌ನಲ್ಲಿ ದುಡಿದ ಸುಮಾರು 70,000 ಸ್ವಯಂಸೇವಕರಂಥವರು ಇದಕ್ಕೆ ಸೇರುವುದಿಲ್ಲ, ಅವರಿಗೆ ಸಂಬಳವಿರಲಿಲ್ಲ. ಸ್ಥಳೀಯರಿಗೆ ಹೆಚ್ಚು ಕೆಲಸ ಸಿಗಬೇಕಾದರೆ ಟೆಂಡರನ್ನು ಸಣ್ಣ ಭಾಗಗಳಾಗಿ ಒಡೆಯಬೇಕು: ಊಟ, ಧ್ವನಿ–ಬೆಳಕು, ಶಾಮಿಯಾನ, ಸ್ವಚ್ಛತೆ, ಸಾರಿಗೆ, ಎಲ್ಲ ಬೇರೆ ಬೇರೆ. ಒಟ್ಟಾಗಿ ಕರೆದರೆ ಠೇವಣಿ ಕಟ್ಟಲಾಗದೆ ಸಣ್ಣವರು ಹಿಂದೆ ಸರಿಯುತ್ತಾರೆ, ಹೊರಗಿನ ದೊಡ್ಡ ಕಂಪನಿ ತನ್ನ ಜನರೊಂದಿಗೆ ಬಂದಿಳಿಯುತ್ತದೆ. ಕಾವಲು, ಅಡುಗೆ, ವೇದಿಕೆ ಕೆಲಸಗಳ ತರಬೇತಿ ಕೂಟಕ್ಕೆ ಆರು ತಿಂಗಳಾದರೂ ಮುಂಚೆ ಶುರುವಾಗಲಿ. ಬಿಲ್ ಪಾವತಿಯ ಗಡುವು ಕರಾರಿನಲ್ಲೇ ಇರಲಿ. ಸಣ್ಣ ಗುತ್ತಿಗೆದಾರ ಮುಳುಗುವುದು ಕೆಲಸವಿಲ್ಲದೆ ಅಲ್ಲ, ಬಿಲ್ ತಡವಾಗಿ.

ಪ್ರಶ್ನೆ: ಕ್ರೀಡಾಕೂಟವೋ, ಸಾಂಸ್ಕೃತಿಕ ಉತ್ಸವವೋ, ಯಾವುದು ಲೇಸು?

ಉತ್ತರ: ಉದ್ಯೋಗದ ದೃಷ್ಟಿಯಿಂದ ವರ್ಷವರ್ಷವೂ ನಡೆಯುವುದಕ್ಕೇ ನಮ್ಮ ಮತ. ಸ್ಕಾಟ್ಲೆಂಡಿನಲ್ಲಿ ಪ್ರತಿವರ್ಷ ನಡೆಯುವ ಎಡಿನ್‌ಬರೊ ಕಲಾ ಉತ್ಸವ 1947ರಿಂದಲೂ ನಗರದಲ್ಲಿದ್ದ ಸಭಾಂಗಣಗಳನ್ನೇ ನೆಚ್ಚಿಕೊಂಡಿದೆ; ಅದರ ಜತೆ ಬೆಳೆದ ಫ್ರಿಂಜ್ ಉತ್ಸವಕ್ಕೆ ಚರ್ಚು, ತರಗತಿ ಕೋಣೆಗಳೂ ರಂಗಮಂದಿರಗಳೇ. ಒಲಿಂಪಿಕ್ಸ್‌ನಲ್ಲೂ ಈ ಜಾಣತನ ಫಲಿಸಿದೆ. ಬಹುಪಾಲು ಹಳೆಯ ಕ್ರೀಡಾಂಗಣಗಳನ್ನೇ ಬಳಸಿದ ಲಾಸ್ ಏಂಜಲೀಸ್ 1984ರಲ್ಲಿ 20 ಕೋಟಿ ಡಾಲರಿಗೂ ಹೆಚ್ಚು ಉಳಿಸಿತು. 1976ರ ಒಲಿಂಪಿಕ್ಸ್‌ಗೆ ಹೊಸ ಕ್ರೀಡಾಂಗಣ ಕಟ್ಟಿದ ಮಾಂಟ್ರಿಯಲ್‌ನ ಸಾಲ ತೀರಿದ್ದು 2006ರಲ್ಲಿ. ಬಾರ್ಸಿಲೋನಾ 1992ರಲ್ಲಿ ಖರ್ಚಿನ ಹೆಚ್ಚಿನ ಪಾಲನ್ನು ವರ್ತುಲ ರಸ್ತೆ, ಕಡಲತೀರದಂಥ ನಗರದ ಕೆಲಸಗಳಿಗೇ ಹಾಕಿತು; ಕೂಟ ಮುಗಿದ ಮೇಲೂ ಅವು ಜನರಿಗೆ ಉಳಿದವು. ಹೊಸ ಕ್ರೀಡಾಂಗಣ ಬೇಕೇಬೇಕು ಎನ್ನುವವರಿಗೆ ಎರಡೇ ಪ್ರಶ್ನೆ ಹಾಕಿ: ವರ್ಷಕ್ಕೆ ನಿರ್ವಹಣೆಗೆಷ್ಟು, ಕೂಟದ ನಂತರ ವರ್ಷಕ್ಕೆ ಎಷ್ಟು ದಿನ ಬಾಡಿಗೆಗೆ ಹೋಗುತ್ತದೆ? 2014ರ ವಿಶ್ವಕಪ್ ಫುಟ್‌ಬಾಲ್‌ಗೆಂದು ಬ್ರೆಜಿಲ್‌ನ ಮನಾಸ್‌ನಲ್ಲಿ 40,000ಕ್ಕೂ ಹೆಚ್ಚು ಆಸನಗಳ ಕ್ರೀಡಾಂಗಣ ಕಟ್ಟಿದರು. ಅಲ್ಲಿ ನಡೆದ ವಿಶ್ವಕಪ್ ಪಂದ್ಯಗಳು ನಾಲ್ಕು. ಆಗ ಆ ಊರಿಗೆ ದೇಶದ ಮೊದಲ ದರ್ಜೆಯ ಲೀಗ್‌ನಲ್ಲಿ ಆಡುವ ಒಂದು ತಂಡವೂ ಇರಲಿಲ್ಲ.