ರೊಟೊಂಡಾಗೆ ಮೂರು ಮನೆತನದ ಹೆಸರು ಯಾಕೆ?

ಇಟಲಿಯ ವಿಚೆಂಝಾದ ವಿಲ್ಲಾ ರೊಟೊಂಡಾ ಅನ್ನುವ ಬಂಗಲೆಗೆ ಅಲ್ಮೆರಿಕೊ, ಕಾಪ್ರಾ, ವಾಲ್ಮರಾನಾ ಅಂತ ಮೂರು ಹೆಸರು ಯಾಕೆ ಅಂತ ಕೇಳಿದ್ದೀರಿ. ಮೂರೂ ಮಾಲೀಕರ ಹೆಸರೇ. ಪೋಪರ ಆಸ್ಥಾನದಲ್ಲಿದ್ದ ಪಾದ್ರಿ ಪಾವೊಲೊ ಅಲ್ಮೆರಿಕೊ 1560ರ ದಶಕದಲ್ಲಿ ವಾಸ್ತುಶಿಲ್ಪಿ ಪಲ್ಲಾಡಿಯೊ ಕೈಲಿ ಕಟ್ಟಿಸಲು ಶುರುಮಾಡಿದರು. ಕೆಲಸ ಪೂರ್ತಿ ಮುಗಿಯುವ ಮೊದಲೇ ಇಬ್ಬರೂ ತೀರಿಕೊಂಡರು. ಅಲ್ಮೆರಿಕೊ ಮಗ (ಹೌದು, ಪಾದ್ರಿಗೆ ಮಗ!) 1591ರಲ್ಲಿ ಕಾಪ್ರಾ ಸೋದರರಿಗೆ ಮಾರಿಬಿಟ್ಟ.

ಮಜಾ ಇರುವುದು ಇಲ್ಲೇ. ಆ ಸೋದರರಲ್ಲಿ ಒಬ್ಬನಾದ ಮಾರಿಯೊ ಕಾಪ್ರಾ ಮನೆಯ ನಾಲ್ಕೂ ಬದಿಯ ಮುಖಮಂಟಪಗಳ ಮೇಲೆ ಒಂದೇ ವಾಕ್ಯವನ್ನು ತುಂಡುತುಂಡಾಗಿ ಲ್ಯಾಟಿನ್‌ನಲ್ಲಿ ಕೆತ್ತಿಸಿದ: ಈ ಮನೆ, ಹೊಲ, ಕಣಿವೆ, ಗುಡ್ಡ ಎಲ್ಲ ಹಿರಿಮಗನ ಪಾಲಿಗೇ ಅಂತ. ಗೋಡೆಯ ಮೇಲೇ ಉಯಿಲು ಬರೆದ ಹಾಗಾಯ್ತು, ಅಲ್ವಾ? ಮನೆಗೆ ಒಂದು ಸುತ್ತು ಹಾಕಿದರೇ ವಾಕ್ಯ ಪೂರ್ತಿಯಾಗುವುದು. ಆದರೂ 1912ರಲ್ಲಿ ಅದು ವಾಲ್ಮರಾನಾ ಮನೆತನದ ಕೈಸೇರಿತು.