ಹುಟ್ಟು ಕೆಳಗಿಟ್ಟರೆ ಸನ್ಯಾಸವೇ?

ಆತ್ಮೀಯ ಓದುಗರೇ,

ನಿಮ್ಮ ಪತ್ರ ಉದ್ದವಿದೆ. ಉಳಿದವರಿಗಾಗಿ ಅದರ ತಿರುಳು ಹೇಳಿಬಿಡುತ್ತೇನೆ. ಬೆಳಿಗ್ಗೆ ಒಬ್ಬರೇ, ಮೇಲೆ ನಿಂತು ಹುಟ್ಟು ಹಾಕುವ ಹಲಗೆಯಾದ ಪ್ಯಾಡಲ್‌ಬೋರ್ಡ್ ಹಿಡಿದು ಕೆರೆಗೋ ಹೊಳೆಗೋ ಇಳಿಯುತ್ತೀರಿ. ಫೋನ್ ದಡದಲ್ಲೇ ಇರುತ್ತದೆ. ಅಲ್ಲಿ ಸಿಗುವ ಮೌನ ಹಳೆಯ ಕ್ರೈಸ್ತ ಸನ್ಯಾಸಿಗಳ ದಾರಿಯೇ ಅಲ್ವಾ ಅಂತ ಕೇಳಿದ್ದೀರಿ. ಒಮ್ಮೊಮ್ಮೆ ಹೊಳೆಯಲ್ಲಿ ಹುಟ್ಟು ಕೆಳಗಿಟ್ಟು, ಲೈಫ್ ಜಾಕೆಟ್ ಕೂಡ ಇಲ್ಲದೆ, ದೇವರು ಒಯ್ದಲ್ಲಿಗೆ ಹೋಗುತ್ತೀರಂತೆ. ಐರ್ಲೆಂಡಿನ ಸನ್ಯಾಸಿಗಳೂ ಹೀಗೇ ಮಾಡಿದ್ದರು ಅನ್ನುವುದು ನಿಮ್ಮ ಸಮರ್ಥನೆ.

ಆ ಕತೆ ಇರುವುದು ನಿಜ. 891ರಲ್ಲಿ ಮೂವರು ಐರಿಷ್ ಜನ ಹುಟ್ಟೇ ಇಲ್ಲದ ದೋಣಿಯಲ್ಲಿ ಇಂಗ್ಲೆಂಡಿನ ಆಲ್ಫ್ರೆಡ್ ರಾಜನ ಬಳಿಗೆ ಬಂದರು ಅಂತ ಅಲ್ಲಿನ ಹಳೆಯ ಇತಿಹಾಸ ದಾಖಲೆಯಾದ ಆಂಗ್ಲೋ-ಸ್ಯಾಕ್ಸನ್ ವೃತ್ತಾಂತದಲ್ಲಿದೆ. ಎರಡೂವರೆ ಚರ್ಮದಲ್ಲಿ ಮಾಡಿದ ದೋಣಿ. ಏಳು ರಾತ್ರಿಗೆ ಆಗುವಷ್ಟು ಬುತ್ತಿ. ಏಳು ರಾತ್ರಿ ಕಳೆದ ಮೇಲೆ ಇಂಗ್ಲೆಂಡಿನ ನೈರುತ್ಯ ತುದಿಯ ಕಾರ್ನ್‌ವಾಲ್ ದಡ ಸಿಕ್ಕಿತು. ದೇವರ ಮೇಲಿನ ಪ್ರೀತಿಗಾಗಿ ಪರದೇಶಿಗಳಾಗಿ ಬದುಕಬೇಕು, ಎಲ್ಲಾದರೂ ಸರಿ ಅನ್ನುವುದು ಅವರ ಆಸೆ. ಗಮನಿಸಿ, ಅವರು ಬಿಟ್ಟು ಬಂದಿದ್ದು ಊರು, ಮನೆ, ಬಳಗ ಎಲ್ಲವನ್ನೂ. ನೀವು ಹುಟ್ಟು ಬಿಡುವುದು ಸ್ವಲ್ಪ ಹೊತ್ತು. ಆಮೇಲೆ ತಿಂಡಿಗೆ ಮನೆಗೆ ಬರುತ್ತೀರಿ. ಬರಬೇಕು ಕೂಡ!

ಅದಕ್ಕೇ ಮೊದಲು ನೀರಿನ ಮಾತು ಮುಗಿಸೋಣ. ಬೋರ್ಡ್ ಮೇಲೆ ಹುಟ್ಟು ಬರೀ ಮುಂದೆ ಹೋಗುವುದಕ್ಕಲ್ಲ. ಅದನ್ನು ನೀರಿಗೆ ಊರಿದಾಗಲೇ ನಿಲುವು ಗಟ್ಟಿಯಾಗುವುದು, ದಿಕ್ಕು ತಿರುಗುವುದೂ ಅದರಿಂದಲೇ. ಹರಿಯುವ ಹೊಳೆಯಲ್ಲಿ ಬಿದ್ದ ಮರವೊಂದು ಅಡ್ಡ ಇದ್ದರೆ ನೀರು ಕೊಂಬೆಗಳ ನಡುವೆ ನುಸುಳಿ ಹೋಗುತ್ತದೆ, ನೀವು ಅಲ್ಲೇ ಸಿಕ್ಕಿಕೊಳ್ಳುತ್ತೀರಿ. ಕೆರೆಯಲ್ಲಿ ಕಾಲಿಗೆ ಕಟ್ಟುವ ಲೀಶ್ (ಬೋರ್ಡ್ ಕೈತಪ್ಪಿ ಹೋಗದಂತೆ ಹಿಡಿಯುವ ಹಗ್ಗ) ಹೊಳೆಯಲ್ಲಿ ಬೇಡವೇ ಬೇಡ. ಅದು ಕಲ್ಲಿಗೋ ಕೊಂಬೆಗೋ ಸಿಕ್ಕಿಕೊಂಡರೆ, ನೀರಿನ ಸೆಳೆತದಲ್ಲಿ ಬಗ್ಗಿ ಕಾಲಿನವರೆಗೆ ಕೈ ಚಾಚಲು ಆಗುವುದಿಲ್ಲ. ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಸೊಂಟದ ಲೀಶ್ ಹಾಕಿ. ಲೈಫ್ ಜಾಕೆಟ್ ಬಗ್ಗೆ ಚರ್ಚೆಯೇ ಇಲ್ಲ. ಕೆರೆಯಲ್ಲಿ ಗಾಳಿ ಜೋರಾದರೆ ಮಂಡಿಯೂರಿ ಹುಟ್ಟು ಹಾಕಿ. (ಇದನ್ನೂ ಪ್ರಾರ್ಥನೆ ಅನ್ನಬೇಡಿ ಮತ್ತೆ.)

ಇನ್ನು ಸನ್ಯಾಸ. 6ನೇ ಶತಮಾನದ ಸಂತ ಬೆನೆಡಿಕ್ಟ್ ಮಠದ ನಿಯಮ ಬರೆದಾಗ ಮೊದಲ ಅಧ್ಯಾಯದಲ್ಲೇ ಅಲೆಮಾರಿ ಸನ್ಯಾಸಿಗಳನ್ನು ಚೆನ್ನಾಗಿ ಬೈದಿದ್ದಾರೆ. ಮೂರು ದಿನ ಒಂದು ಮಠ, ನಾಲ್ಕು ದಿನ ಇನ್ನೊಂದು ಮಠ, ಎಲ್ಲೂ ನಿಲ್ಲುವುದಿಲ್ಲ ಅಂತ. ಅವರ ಮಠ ಸೇರುವವನು ಕೊಡುವ ಮಾತುಗಳಲ್ಲಿ ಒಂದು, ಇಲ್ಲೇ ಇರುತ್ತೇನೆ ಅನ್ನುವುದು. ಅಂದರೆ ಅದೇ ಗೋಡೆ, ಅದೇ ಕೆಲಸ, ಊಟಕ್ಕೆ ಪಕ್ಕದಲ್ಲಿ ಕೂರುವ ಅದೇ ಮುಂಗೋಪಿ ಸಹೋದರ. ಬೋರ್ಡ್ ಮೇಲೆ ಇವರು ಯಾರೂ ಇರುವುದಿಲ್ಲ, ಅದಕ್ಕೇ ಅಲ್ಲಿ ಅಷ್ಟು ಹಾಯಾಗಿರುತ್ತದೆ.

ಒಬ್ಬರೇ ಇರುವುದೂ ಸುಲಭವಲ್ಲ ಬಿಡಿ. 4ನೇ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿದ್ದ ಎವಾಗ್ರಿಯಸ್, ಮಧ್ಯಾಹ್ನ ಬಂದು ಕಾಡುವ ದೆವ್ವದ ಬಗ್ಗೆ ಬರೆದಿದ್ದಾರೆ. ಅದು ಬಂದರೆ ಸೂರ್ಯ ಅಲುಗುವುದೇ ಇಲ್ಲ, ಹಗಲು 50 ಗಂಟೆ ಅನ್ನಿಸುತ್ತದೆ. ಸನ್ಯಾಸಿ ಪದೇ ಪದೇ ಕಿಟಕಿ ನೋಡುತ್ತಾನೆ. ಊಟಕ್ಕೆ ಎಷ್ಟು ಹೊತ್ತಿದೆ ಅಂತ ಹೊರಗೆ ಬಂದು ಸೂರ್ಯನನ್ನು ನೋಡುತ್ತಾನೆ. ಯಾರಾದರೂ ಬರುತ್ತಾರಾ ಅಂತ ಆ ಕಡೆ ಈ ಕಡೆ ಕಣ್ಣು ಹಾಯಿಸುತ್ತಾನೆ. ಇದ್ದ ಜಾಗದ ಮೇಲೇ ಬೇಸರ ಹುಟ್ಟುತ್ತದೆ. ನಿಮಗೆ ಬೇಸರ ಬಂದರೆ ದಡಕ್ಕೆ ಬರಬಹುದು. ಅವನಿಗೆ ಆ ದಡ ಇರಲಿಲ್ಲ.

ಹಾಗಂತ ನಿಮ್ಮ ಬೆಳಗಿನ ಹೊತ್ತನ್ನು ಸುಮ್ನೆ ಮೋಜು ಅಂತ ತಳ್ಳಿಹಾಕಲಾರೆ. 7ನೇ ಶತಮಾನದ ಇಂಗ್ಲೆಂಡಿನ ಸನ್ಯಾಸಿ ಸಂತ ಕತ್ಬರ್ಟ್ ಬಗ್ಗೆ ಅಲ್ಲಿನ ಸನ್ಯಾಸಿ-ಇತಿಹಾಸಕಾರ ಬೀಡ್ ಬರೆದ ಪ್ರಸಂಗವೊಂದು ನಿಮಗೆ ಹೆಚ್ಚು ಹತ್ತಿರ. ಕತ್ಬರ್ಟ್ ರಾತ್ರಿ ಗುಟ್ಟಾಗಿ ಎದ್ದು ಸಮುದ್ರಕ್ಕೆ ಇಳಿದು, ಕುತ್ತಿಗೆವರೆಗಿನ ನೀರಲ್ಲಿ ನಿಂತು ಪ್ರಾರ್ಥಿಸುತ್ತಿದ್ದರಂತೆ. ಇನ್ನೊಬ್ಬ ಸನ್ಯಾಸಿ ಕದ್ದು ಹಿಂಬಾಲಿಸಿ ನೋಡಿದ. ಬೆಳಗಾಗುತ್ತಲೇ ಕತ್ಬರ್ಟ್ ದಡಕ್ಕೆ ಬಂದರು, ಎರಡು ನೀರುನಾಯಿಗಳು ಬಂದು ಅವರ ಕಾಲಿಗೆ ಉಸಿರೂದಿ, ಮೈ ಉಜ್ಜಿ ಒರೆಸಿದವು. ಎಲ್ಲರೂ ನೆನಪಿಡುವುದು ನೀರುನಾಯಿಗಳನ್ನೇ. ನನಗೆ ಮುಖ್ಯ ಅನ್ನಿಸುವುದು ಅದರ ನಂತರದ ಮಾತು: ಕತ್ಬರ್ಟ್ ನಿಗದಿಯಾದ ಹೊತ್ತಿಗೆ ವಾಪಸ್ ಹೋಗಿ ಉಳಿದವರ ಜೊತೆ ಕೀರ್ತನೆ ಹಾಡಿದರು. ನೀರಲ್ಲಿ ಕಳೆದ ರಾತ್ರಿಯ ನೆಪ ಹೇಳಿ ತಪ್ಪಿಸಿಕೊಳ್ಳಲಿಲ್ಲ.

ಸನ್ಯಾಸಿಗಳ ದಾರಿ ಹೇಗಿರುತ್ತದೆ ಅಂತ ನಿಜಕ್ಕೂ ನೋಡಬೇಕಿದ್ದರೆ, ಬೋರ್ಡ್ ಮನೆಯಲ್ಲಿಟ್ಟು ಒಂದು ವಾರ ಯಾವುದಾದರೂ ಮಠದ ಅತಿಥಿಯಾಗಿ ಇದ್ದು ಬನ್ನಿ. ಬಂದ ಅತಿಥಿಯನ್ನು ಕ್ರಿಸ್ತನಂತೆ ಕಾಣಬೇಕು ಅಂತ ಬೆನೆಡಿಕ್ಟ್ ನಿಯಮದ 53ನೇ ಅಧ್ಯಾಯ ಹೇಳುತ್ತದೆ. ಎಲ್ಲ ಮಠಗಳೂ ಹೆಂಗಸರು ಗಂಡಸರು ಇಬ್ಬರನ್ನೂ ಉಳಿಸಿಕೊಳ್ಳುವುದಿಲ್ಲ, ಮೊದಲೇ ಬರೆದು ಕೇಳಿ. ಪ್ರಾರ್ಥನೆಯ ವೇಳಾಪಟ್ಟಿಯನ್ನೂ ಕೇಳಿಕೊಳ್ಳಿ. ಕೆಲವು ಕಡೆ ಮೊದಲ ಗಂಟೆ ಬಾರಿಸುವುದು ನೀವು ಕೆರೆಗೆ ಹೊರಡುವುದಕ್ಕಿಂತ ಬಹಳ ಮುಂಚೆ.

ಸಂಪಾದಕ